ಸೋಮವ್ವನ ಸ್ವೆಟರು

ಲಲಿತಾ ಆ ಸ್ವೆಟರನ್ನು ಹೆಣೆದದ್ದು ತನ್ನ ತಾಯಿ ಸೋಮವ್ವನಿಗಾಗಿ. ಬಾಗಲಕೋಟೆಯ ನವನಗರದ ಗಂಡನ ಮನೆಯಲ್ಲಿ ಅಡುಗೆ, ಬಟ್ಟೆ, ಪಾತ್ರೆ ಮುಗಿದ ಮೇಲೆ ಮಧ್ಯಾಹ್ನ ಸಿಗುವ ಹೊತ್ತಿನಲ್ಲಿ ಹಿತ್ತಲ ಮೆಟ್ಟಿಲ ಮೇಲೆ ಕೂತು, ಕ್ರೋಶಾ ಕಡ್ಡಿಯಿಂದ ಸಾಲಿನ ಮೇಲೆ ಸಾಲು ಏರಿಸಿದ್ದಳು. ಕಡುನೀಲಿ ಉಲ್ಲನ್ ದಾರದ, ಮುಂದೆ ಗುಂಡಿ ಹಾಕುವಂಥ ಸ್ವೆಟರು.

ಸೋಮವ್ವ ಇರುವುದು ಕುಳಗೇರಿ ಕ್ರಾಸಿನ ಹತ್ತಿರದ ಹಳ್ಳಿಯಲ್ಲಿ. ಕುರಿ ಸಾಕಿದವಳು, ಎಂಥ ಚಳಿಯಿದ್ದರೂ ಬೆಳಗಾಗುತ್ತಲೇ ದೊಡ್ಡಿಯ ಕಸ ಬಳಿಯಬೇಕು. ಹಿಂದಿನ ವರ್ಷ ಟಗರು ಗುದ್ದಿ ಬಿದ್ದು ಅವಳ ಬಲಗೈ ಮುರಿದಿತ್ತು. ಎಲುಬು ಕೂಡಿತು, ಆದರೆ ಮೊಣಕೈ ನೆಟ್ಟಗಾಗಲಿಲ್ಲ. ಕೈ ಮಡಚಿದಂತೆಯೇ ನಿಂತುಬಿಟ್ಟಿತು. ಅಂಗಡಿಯ ಸ್ವೆಟರಿನ ತೋಳಿನಲ್ಲಿ ಆ ಕೈ ತೂರುತ್ತಿರಲಿಲ್ಲ. ಅದಕ್ಕೇ ಲಲಿತಾ ಬಲಗಡೆಯ ತೋಳನ್ನು ಗಿಡ್ಡ ಮಾಡಿ, ಅಗಲ ಬಿಟ್ಟು, ಉದ್ದಕ್ಕೂ ಕೆಳಮಗ್ಗುಲಿನ ಅಂಚುಗಳನ್ನು ಕೂಡಿಸದೆ ಅಲ್ಲಿ ಗುಂಡಿ ಇಟ್ಟಿದ್ದಳು. ಕೈಯ ಸುತ್ತ ತೋಳನ್ನು ಸುತ್ತಿ ಗುಂಡಿ ಹಾಕಿಕೊಂಡರೆ ಆಯಿತು. ಅಳತೆ ತೆಗೆದುಕೊಳ್ಳಲು ಅವಳನ್ನು ಬೈಕಿನ ಮೇಲೆ ತವರಿಗೆ ಕರೆದೊಯ್ದವನು ಗಂಡ ಬೀರಲಿಂಗ. ಕೈ ಮುರಿದಾಗ ಸೋಮವ್ವನನ್ನು ಬಾಗಲಕೋಟೆಯ ದವಾಖಾನೆಗೆ ಒಯ್ದವನೂ ಅವನೇ.

ಸ್ವೆಟರು ಮುಗಿದ ವಾರವೇ ನಾದಿನಿ ಅಂಜನಾಳನ್ನು ನೋಡಲು ಕಮತಗಿಯಿಂದ ಗಂಡಿನ ಕಡೆಯವರು ಬಂದರು. ಗಂಡು ಲಕ್ಷ್ಮಣ, ಔಷಧದ ಅಂಗಡಿ ಇಟ್ಟವನು. ಜೊತೆಗೆ ಅವನ ತಾಯಿ, ಸೋದರಮಾವ ಬಂಡೆಪ್ಪ. ಲಲಿತಾ ಅಡುಗೆಮನೆಯಲ್ಲಿ ಮಿರ್ಚಿ ಭಜಿ ಕರಿಯುತ್ತಿದ್ದಳು. ತಟ್ಟೆ ಹಿಡಿದು ಹೊರಗೆ ಬಂದರೆ ಗಂಡಿನ ತಾಯಿಯ ತೊಡೆಯ ಮೇಲೆ ಆ ಸ್ವೆಟರು ಹರಡಿತ್ತು. ಅತ್ತೆ ಕಾಳವ್ವ ಅದನ್ನು ಲಲಿತಾಳ ಟ್ರಂಕಿನಿಂದ ತೆಗೆದು ತಂದಿದ್ದಳು.

ಇದನ್ನು ನಮ್ಮ ಹುಡುಗಿಯೇ ಹೆಣೆದಳು, ಓದಿನ ಜೊತೆಗೆ ಕೈಕೆಲಸವನ್ನೂ ಕಲಿತಿದ್ದಾಳೆ ಎಂದು ಕಾಳವ್ವ ಹೇಳುತ್ತಿದ್ದಳು. ಗಂಡಿನ ತಾಯಿ ಹೆಣಿಗೆಯ ಮೇಲೆ ಬೆರಳಾಡಿಸಿ, ಖರೆ ನೀನೇ ಮಾಡಿದ್ದಾ ಎಂದು ಅಂಜನಾಳನ್ನು ಕೇಳಿದಳು. ಅಂಜನಾ ತಲೆ ತಗ್ಗಿಸಿ ಹೌದು ಎಂದಳು. ಕಡ್ಡಿ ಹಿಡಿಯುವುದು ಹೇಗೆಂಬುದೂ ಅವಳಿಗೆ ಗೊತ್ತಿರಲಿಲ್ಲ.

ಲಲಿತಾಳಿಗೆ ಸಿಟ್ಟು ನೆತ್ತಿಗೇರಿತು. ಆದರೂ ತಟ್ಟೆ ಇಟ್ಟು ಗೋಡೆಯ ಪಕ್ಕಕ್ಕೆ ನಿಂತಳು. ಹುಡುಗಿಯ ಮದುವೆಯ ಮಾತು, ಕೇಳುವುದನ್ನು ಇವರು ಹೋದ ಮೇಲೆ ಕೇಳಿದರಾಯಿತು ಎಂದು ಹಲ್ಲು ಕಚ್ಚಿಕೊಂಡಳು. ಗಂಡನ ಕಡೆ ನೋಡಿದಳು. ಅವನು ಭಜಿ ಮುರಿಯುತ್ತ ಬಂಡೆಪ್ಪನೊಡನೆ ಮಳೆ, ರಸ್ತೆ ಎಂದು ಏನೋ ಮಾತಾಡುತ್ತಿದ್ದ.

ಒಂದು ಸಲ ಹಾಕಿಕೊಂಡು ತೋರಿಸವ್ವ ಎಂದಳು ಗಂಡಿನ ತಾಯಿ. ಅಂಜನಾ ಸೀರೆಯ ಮೇಲೆಯೇ ತೊಟ್ಟಳು. ಎಡತೋಳು ಮಣಿಕಟ್ಟಿನವರೆಗೆ ಸರಿಯಾಗಿ ಬಂತು. ಬಲತೋಳು ಮೊಣಕೈಯ ಕೆಳಗೇ ನಿಂತು, ಬಾಯಿ ಬಿಟ್ಟುಕೊಂಡು ಜೋತಾಡಿತು. ಇದ್ಯಾಕೆ ಹೀಗೆ ಎಂದು ಗಂಡಿನ ತಾಯಿ ಕೇಳಿದಳು. ಅಳತೆ ತಪ್ಪಿತು ಎಂದಳು ಅಂಜನಾ.

ಬಂಡೆಪ್ಪ ತನ್ನ ಬಲಗೈಯನ್ನು ಮಡಚಿ ಎದೆಗೆ ಒತ್ತಿ, ಬೆರಳುಗಳನ್ನು ಸೊಟ್ಟ ಮಾಡಿ ಎಲ್ಲರಿಗೂ ತೋರಿಸಿದ. "ಹಿಂಗ ಸೊಟ್ಟಗೈಯಾಕಿ ಯಾರರ ಇದ್ರ ಬರೋಬ್ಬರಿ ಆಕೈತಿ ನೋಡ್ರಿ."

ಎಲ್ಲರೂ ನಕ್ಕರು. ಗಂಡಿನ ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಕಾಳವ್ವ ನಕ್ಕಳು. ಬೀರಲಿಂಗನೂ ನಕ್ಕ.

ಲಲಿತಾ ನೇರ ಅಂಜನಾಳ ಬಳಿ ಹೋಗಿ, ಅವಳ ಮೈಮೇಲಿನ ಸ್ವೆಟರಿನ ಗುಂಡಿಗಳನ್ನು ಒಂದೊಂದಾಗಿ ಬಿಚ್ಚತೊಡಗಿದಳು. "ಅಳತಿ ತಪ್ಪಿಲ್ರಿ," ಎಂದಳು ಬಂಡೆಪ್ಪನಿಗೆ. "ಇದು ನಮ್ಮವ್ವನ ಕೈ ಅಳತಿ. ಆಕಿ ಕೈ ನೀವು ಈಗ ತೋರಿಸಿದಂಗ ಐತಿ. ಹೆಣದಾಕಿ ನಾ."

ಕಾಳವ್ವ ಒಳಗೆ ಹೋಗು ಎಂದು ಗದರಿದಳು. ಲಲಿತಾ ಹೋಗಲಿಲ್ಲ, ಸ್ವೆಟರನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಅಲ್ಲೇ ನಿಂತಳು. ಬಂಡೆಪ್ಪ ನನಗೆ ಗೊತ್ತಿರಲಿಲ್ಲ ತಂಗಿ ಎಂದು ತಲೆ ತಗ್ಗಿಸಿದ. ಲಕ್ಷ್ಮಣ ಅಂಜನಾಳನ್ನೇ ನೋಡುತ್ತಿದ್ದ. ಚಹಾ ಬರುವ ಮೊದಲೇ ಅವರು ಎದ್ದರು. ಬಾಗಿಲಲ್ಲಿ ಗಂಡಿನ ತಾಯಿ ಕಾಳವ್ವನಿಗೆ ಮೆಲ್ಲಗೆ ಹೇಳಿದಳು: ಸ್ವೆಟರು ಹೆಣೆಯಲು ಬರದಿದ್ದರೆ ನಮಗೇನೂ ಕಡಿಮೆ ಬೀಳುತ್ತಿರಲಿಲ್ಲ, ಮೊದಲನೇ ದಿನವೇ ಸುಳ್ಳು ಆಡಬಾರದಿತ್ತು.

ಅವರ ಗಾಡಿ ತಿರುವು ದಾಟುವವರೆಗೂ ಕಾಳವ್ವ ತಡೆದುಕೊಂಡಳು. ಆಮೇಲೆ ಓಣಿಗೆಲ್ಲ ಕೇಳುವಂತೆ ಬೈದಳು. ಮನೆಯ ಮರ್ಯಾದೆ ಕಳೆದೆ, ನನ್ನ ಮಗಳ ಬಾಳಿಗೆ ಕಲ್ಲು ಹಾಕಿದೆ ಎಂದಳು. ಒಳಗೆ ಅಂಜನಾ ಅಳುತ್ತಿದ್ದಳು. ಬೇರೆ ದಿನವಾಗಿದ್ದರೆ ಲಲಿತಾ ಹೋಗಿ ಅವಳ ತಲೆ ಸವರುತ್ತಿದ್ದಳು. ಇವತ್ತು ಕಾಲು ಏಳಲಿಲ್ಲ. ಅತ್ತೆಗೂ ಉತ್ತರ ಕೊಡದೆ ಅವಳು ಗಂಡನ ಎದುರು ನಿಂತಳು.

"ಅವರಿಗೆ ಗೊತ್ತಿರಲಿಲ್ಲ, ನಕ್ರು. ನಿಮಗ ಗೊತ್ತಿತ್ತು. ನೀವ್ಯಾಕ ನಕ್ರಿ?"

ಎಲ್ಲರೂ ನಕ್ಕರು, ನಾನೂ ನಕ್ಕೆ, ಅದನ್ನೇ ಏನು ಹಿಡಿದುಕೊಂಡು ಕೂತಿದ್ದೀ ಎಂದ ಬೀರಲಿಂಗ. ಲಲಿತಾ ಎರಡು ಸೀರೆ ಚೀಲಕ್ಕೆ ತುರುಕಿ, ಸ್ವೆಟರನ್ನೂ ಇಟ್ಟುಕೊಂಡು ತವರಿನ ಬಸ್ಸು ಹತ್ತಿದಳು.

ಸೋಮವ್ವ ಸ್ವೆಟರು ತೊಟ್ಟು, ಗುಂಡಿ ಹಾಕಿಸಿಕೊಂಡು, ಬೆಚ್ಚಗೈತಿ ಎಂದು ಪಕ್ಕದ ಮನೆಯವರಿಗೆಲ್ಲ ತೋರಿಸಿ ಬಂದಳು. ಮಗಳು ಬಂದ ಕಾರಣ ತಿಳಿದಾಗ ಮಾತ್ರ ಅವಳ ಮುಖ ಸಪ್ಪಗಾಯಿತು. "ನನ್ನ ಕೈ ಸೊಟ್ಟ ಇರೂದು ಖರೆನ ಐತಿ. ಅದಕ್ಕ ಒಂದು ಹುಡುಗಿ ಸಂಬಂಧ ಮುರದ್ಯಲ್ಲ, ಯವ್ವಾ."

ಲಲಿತಾಳಿಗೆ ತಾಯಿಯ ಮೇಲೂ ಸಿಟ್ಟು ಬಂತು. ಊಟಕ್ಕೆ ಏಳದೆ ದೊಡ್ಡಿಗೆ ಹೋಗಿ ಕಸಬರಿಗೆ ಹಿಡಿದಳು. ಅವಳು ಬಳಿಯುವ ರಭಸಕ್ಕೆ ಕುರಿಗಳು ಹೆದರಿ ಒಂದು ಮೂಲೆಗೆ ಒತ್ತಿಕೊಂಡವು.

ಭಾನುವಾರ ಬೀರಲಿಂಗ ಬಂದ. ಕಮತಗಿಯವರು ಬೇಡವೆಂದು ಹೇಳಿ ಕಳಿಸಿದ್ದಾರೆ, ಆದರೂ ನೀನು ಬಂದರೆ ಅವ್ವ ಏನೂ ಅನ್ನುವುದಿಲ್ಲ, ನಡೆ ಎಂದ. ಲಲಿತಾ ಅದೇ ಪ್ರಶ್ನೆಯನ್ನು ಮತ್ತೆ ಕೇಳಿದಳು. ಅವನು ಬೈಕಿನ ಕೀಲಿಯನ್ನು ಬೆರಳಲ್ಲಿ ತಿರುಗಿಸುತ್ತ ನಿಂತ, ಕೊನೆಗೆ ಒಬ್ಬನೇ ಹೊರಟುಹೋದ.

ಮುಂದಿನ ವಾರ ಮತ್ತೆ ಬಂದ. ಈ ಸಲ ಮನೆಯೊಳಗೆ ಹೋಗಲಿಲ್ಲ, ದೊಡ್ಡಿಯ ಗೋಡೆಯ ಮೇಲೆ ಕೂತ. ಅಲ್ಲಿಂದಲೇ ಲಲಿತಾಳಿಗೆ ಹೇಳಿದ: "ಅವ್ವ ನಕ್ಕಳು, ಬಂದ ಮಂದಿ ನಕ್ರು. ನಾ ಒಬ್ಬಾವ ಸುಮ್ನ ಕುಂತ್ರ ಸುಳ್ಳು ಗೊತ್ತಾಕೈತಿ ಅಂತ ಅಂಜಿ ನಕ್ಕೆ. ತಪ್ಪಾತು."

"ನನಗಲ್ಲ. ಒಳಗ ಹೋಗಿ ನಮ್ಮವ್ವಗ ಹೇಳ್ರಿ."

ಅವನು ಹೋದ. ಲಲಿತಾ ಬಾಗಿಲ ಬಳಿ ನಿಂತು ಕೊನೆಯ ಮಾತಿನವರೆಗೂ ಕೇಳಿಸಿಕೊಂಡಳು. ಸೋಮವ್ವ ಅಳಿಯನ ಬಾಯಿಂದ ಆ ಮಾತು ಕೇಳಲಾರದೆ, ಇರಲಿ ಬಿಡ್ರಿ, ಚಹಾ ಕುಡೀರಿ ಎಂದು ಗಡಬಡಿಸಿದಳು. ಲಲಿತಾಳ ಸಿಟ್ಟು ಇಳಿದಿರಲಿಲ್ಲ. ಆದರೂ ಚೀಲ ತುಂಬಿಕೊಂಡಳು. ಅವನ ಬೈಕು ಹತ್ತಿ ನವನಗರಕ್ಕೆ ಮರಳಿದಳು.

ಮರುದಿನ ಅವಳು ರೊಟ್ಟಿ ಬಡಿಯುತ್ತಿದ್ದಾಗ ಅಂಜನಾ ಬಂದು ಒಲೆಯ ಪಕ್ಕ ನಿಂತಳು. ಅವಳ ಮುಖವೂ ಬಿಗಿದಿತ್ತು. "ನನ್ನ ಒಳಗ ಕರದು ಹೇಳಬಹುದಿತ್ತು, ವೈನಿ. ಎಲ್ಲಾರ ಮುಂದ ಯಾಕ?"

"ಹೇಳಬಹುದಿತ್ತು," ಎಂದಳು ಲಲಿತಾ. "ನೀನೂ ನಾ ಹೆಣದಿಲ್ಲ ಅನಬಹುದಿತ್ತು."

ಅಂಜನಾ ಹೋಗಲಿಲ್ಲ. ಹಂಚಿನ ಮೇಲಿನ ರೊಟ್ಟಿಯನ್ನು ತಿರುವಿ ಹಾಕಿದಳು. ಲಲಿತಾ ಅವಳ ಕಡೆ ನೋಡದೆ ಇನ್ನೊಂದು ಉಂಡೆಗೆ ಹಿಟ್ಟು ತೆಗೆದುಕೊಂಡಳು.