ಸರಿಯಾಗಿ ತಿರುಗಿಸಿದರೆ ಸುಮ್ಮನಾಗುವ ಗಂಟೆ

ನಾನೊಂದು ಕೆನೆ ತೆಗೆಯುವ ಯಂತ್ರ. ಈಗ ನನ್ನ ತಲೆಯ ಮೇಲೆ ಪೆಟೂನಿಯಾ ಹೂಗಳಿವೆ. ಹಾಲು ಸುರಿಯುತ್ತಿದ್ದ ತೊಟ್ಟಿಗೆ ಮಣ್ಣು ತುಂಬಿ ಗಿಡ ನೆಟ್ಟಿದ್ದಾರೆ, ಮೈಗೆಲ್ಲ ಹಸಿರು ಬಣ್ಣ ಬಳಿದಿದ್ದಾರೆ. ಬಂದವರೆಲ್ಲ ಎಷ್ಟು ಮುದ್ದಾಗಿದೆ ಎನ್ನುತ್ತಾರೆ. ಕಬ್ಬಿಣದ ಕಾಲುಗಳ ಮೇಲೆ ಎದೆಯೆತ್ತರ ನಿಂತು ದುಡಿದ ನನಗೆ ಮುದ್ದು ಅನ್ನುವ ಮಾತು ಕೇಳಿದರೆ ಮೈ ಉರಿಯುತ್ತದೆ.

ನಿಮ್ಮ ಕಡೆ ಹಾಲು ಕಾಯಿಸಿ, ಆರಿಸಿ, ಮೇಲೆ ಕಟ್ಟಿದ ಕೆನೆಯನ್ನು ತೆಗೆಯುತ್ತೀರಿ. ನಾನು ದುಡಿದ ಅಮೆರಿಕದ ಅಯೋವಾ ರಾಜ್ಯದ ಹಳ್ಳಿಗಾಡಿನಲ್ಲಿ ಆಗ ಅಷ್ಟು ಪುರಸೊತ್ತು ಇರಲಿಲ್ಲ. ಕರೆದ ಹಾಲನ್ನು ಬಿಸಿ ಆರುವ ಮುಂಚೆ ನನ್ನ ತಲೆಗೆ ಸುರಿದು, ಬದಿಯ ಹಿಡಿಕೆಯನ್ನು ರಭಸವಾಗಿ ತಿರುಗಿಸಬೇಕು. ನನ್ನ ಹೊಟ್ಟೆಯೊಳಗೆ ಒಂದರ ಮೇಲೊಂದು ಕೂತ ತಗಡಿನ ಬಿಲ್ಲೆಗಳು ಗಿರಗಿರನೆ ಸುತ್ತಿ, ಒಂದು ಮೂತಿಯಿಂದ ಕೆನೆ, ಇನ್ನೊಂದರಿಂದ ನೀರುಹಾಲು ಬರುತ್ತದೆ. ಕೆನೆ ಪೇಟೆಯ ಬೆಣ್ಣೆ ಕಾರ್ಖಾನೆಗೆ, ನೀರುಹಾಲು ಕರುಗಳಿಗೂ ಹಂದಿಗಳಿಗೂ.

ನನ್ನನ್ನು ಎರಕ ಹೊಯ್ದವರು ಹಿಡಿಕೆಯ ಒಳಮಗ್ಗುಲಿಗೆ ಒಂದು ಪುಟ್ಟ ಗಂಟೆಯನ್ನೂ ಕೂರಿಸಿದರು. ತಿರುಗಿಸುವುದು ನಿಧಾನವಾದರೆ ಒಳಗಿನ ಗುಂಡು ಪ್ರತಿ ಸುತ್ತಿಗೂ ಬಿದ್ದು ಠಣ್ ಎನ್ನುತ್ತದೆ. ವೇಗ ಸರಿಯಾದ ಕೂಡಲೇ ಗುಂಡು ಅಂಚಿಗೆ ಅಂಟಿಕೊಂಡು ಗಂಟೆ ಸುಮ್ಮನಾಗುತ್ತದೆ. ನನಗಿರುವ ಬಾಯಿ ಇದೊಂದೇ, ಅದೂ ಬೈಯುವುದಕ್ಕೆ ಮಾತ್ರ. ಭೇಷ್ ಅನ್ನಬೇಕಾದರೆ ನಾನು ಬಾಯಿ ಮುಚ್ಚಿಕೊಳ್ಳಬೇಕು. ಇಂಥ ಹಣೆಬರಹವನ್ನು ಯಾವ ಪುಣ್ಯಾತ್ಮ ಯೋಚಿಸಿದನೋ ಕಾಣೆ.

ಪೇಟೆಯ ಹಾರ್ಡ್‌ವೇರ್ ಅಂಗಡಿಯಿಂದ ನನ್ನನ್ನು ಕುದುರೆ ಗಾಡಿಯಲ್ಲಿ ಮನೆಗೆ ತಂದವನು ಟಾರ್ವಲ್ಡ್. ಅವನ ತಾತ ನಾರ್ವೆಯಿಂದ ಬಂದು ಆ ಜಮೀನು ಮಾಡಿದ್ದ. ಟಾರ್ವಲ್ಡ್ ಕೆಟ್ಟವನಲ್ಲ. ಆದರೆ ಒಮ್ಮೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದೆಂದರೆ ಅವನಿಗೆ ಹಲ್ಲು ಕೀಳಿಸಿಕೊಂಡಷ್ಟು ಕಷ್ಟ. ಹೆಂಡತಿ ಮಥಿಲ್ಡಾ ನನ್ನನ್ನು ಅಡುಗೆಮನೆಗೆ ಅಂಟಿಕೊಂಡ ಚಿಕ್ಕ ಕೋಣೆಯಲ್ಲಿ ನಿಲ್ಲಿಸಿಕೊಂಡಳು. ಮಗಳು ಆಗ್ನೆಸ್ ಹಿಡಿಕೆ ಎಟುಕುವಷ್ಟು ಎತ್ತರವಾದ ದಿನದಿಂದ ನಾನು ಅವಳ ಪಾಲಿಗೆ ಬಂದೆ.

ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ತಿರುಗಿಸಬೇಕು. ಆಮೇಲೆ ಬಿಲ್ಲೆಗಳನ್ನೆಲ್ಲ ಬಿಚ್ಚಿ, ಬಿಸಿನೀರಲ್ಲಿ ತೊಳೆದು, ಒಂದೂ ಅದಲುಬದಲಾಗದಂತೆ ಕಂಬಿಗೆ ಪೋಣಿಸಿ ಒಣಗಿಸಬೇಕು. ಇಷ್ಟು ಮುಗಿಸಿ ಅವಳು ಶಾಲೆಗೆ ಓಡಬೇಕು. ಚಳಿಗಾಲದಲ್ಲಿ ಅವಳ ಬೆರಳ ಸಂದುಗಳು ಒಡೆದು ರಕ್ತ ಜಿನುಗುತ್ತಿತ್ತು. ಹಳೆಯ ಕಾಲದ ಸೊಗಸನ್ನು ಹೊಗಳುವವರು ಆ ಬೆರಳುಗಳನ್ನು ನೋಡಬೇಕಿತ್ತು.

ಚೆಂದವೇ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಹಾಲಿನ ನೊರೆಗಾಗಿ ಕೊಟ್ಟಿಗೆಯ ಬೆಕ್ಕುಗಳು ನನ್ನ ಕಾಲ ಬಳಿ ಸಾಲಾಗಿ ಕೂರುತ್ತಿದ್ದವು. ಆಗ್ನೆಸ್ ಕಿಟಕಿಯ ಗಾಜಿಗೆ ಕಟ್ಟಿದ ಮಂಜಿನ ಮೇಲೆ ಎಡಗೈ ಬೆರಳಿನಿಂದ ಕಷ್ಟದ ಪದಗಳನ್ನು ಬರೆಯುತ್ತಾ ಬಲಗೈಯಲ್ಲಿ ನನ್ನನ್ನು ತಿರುಗಿಸುತ್ತಿದ್ದಳು. ಬರೆಯುವ ಧ್ಯಾನದಲ್ಲಿ ಬಲಗೈ ನಿಧಾನವಾಗುತ್ತಿತ್ತು. ನಾನು ಠಣ್ ಎನ್ನುತ್ತಿದ್ದೆ. ಅವಳು ನಾಲಿಗೆ ಕಚ್ಚಿಕೊಂಡು ವೇಗ ಹೆಚ್ಚಿಸುತ್ತಿದ್ದಳು. ಗಂಟೆ ನಿಂತಾಗ ಅವಳ ಮುಖದಲ್ಲಿ ಒಂದು ಚಿಕ್ಕ ಜಂಬ ಬರುತ್ತಿತ್ತು. ನನ್ನ ಮೌನದ ಅರ್ಥ ತಿಳಿದಿದ್ದವಳು ಅವಳೊಬ್ಬಳೇ.

ಹಳ್ಳಿಯ ಒಂದೇ ಕೋಣೆಯ ಶಾಲೆ ಎಂಟನೇ ತರಗತಿಗೆ ಮುಗಿಯುತ್ತಿತ್ತು. ಮುಂದೆ ಓದಬೇಕಾದರೆ ಸರ್ಕಾರದ ಪರೀಕ್ಷೆ ಪಾಸು ಮಾಡಿ ಪೇಟೆಯ ಹೈಸ್ಕೂಲಿಗೆ ಹೋಗಬೇಕು. ಪೇಟೆಯಲ್ಲಿ ಸೋದರತ್ತೆಯ ಮನೆ ಇತ್ತು, ಇಟ್ಟುಕೊಳ್ಳುತ್ತೇನೆ ಎಂದು ಆಕೆ ಹೇಳಿಯೂ ಇದ್ದಳು. ಟಾರ್ವಲ್ಡ್ ಆಗಲಿ ಎಂದು ತಲೆಯಾಡಿಸಿದ್ದ. ವಸಂತದಲ್ಲಿ ಆಗ್ನೆಸ್ ಪರೀಕ್ಷೆ ಬರೆಯಲು ಪೇಟೆಗೆ ಹೋದಳು.

ಅವಳು ಇಲ್ಲದ ಆ ದಿನಗಳಲ್ಲಿ ನನ್ನನ್ನು ತಿರುಗಿಸಿದ್ದು ಮಥಿಲ್ಡಾ. ಅವಳ ಕೈಗೂಸು ಮೆಲ್ವಿನ್ ಗಂಟಲು ಕಟ್ಟಿ, ಉಸಿರಾಡಲೂ ಒದ್ದಾಡುತ್ತಿದ್ದ. ತಾಯಿ ಎಷ್ಟೋ ರಾತ್ರಿಗಳಿಂದ ಕಣ್ಣು ಮುಚ್ಚಿರಲಿಲ್ಲ. ಒಂದು ಸಂಜೆ ಮಗು ಅಡುಗೆ ಒಲೆಯ ಪಕ್ಕದ ಬುಟ್ಟಿಯಲ್ಲಿ ಕೊನೆಗೂ ನಿದ್ದೆ ಹೋಯಿತು. ಅದೇ ಹೊತ್ತಿಗೆ ಹಾಲು ಬಂತು. ಅವಳು ಹಿಡಿಕೆ ಹಿಡಿದಳು, ನಾನು ಠಣ್ ಎಂದೆ. ಮಗು ಕದಲಿತು. ಮಥಿಲ್ಡಾ ಮಗುವಿನ ಹಳೆಯ ಅಂಗಿಯಿಂದ ಗುಲಾಬಿ ಬಣ್ಣದ ಫ್ಲಾನಲ್ ಬಟ್ಟೆಯ ಚೂರೊಂದನ್ನು ಹರಿದು ಗಂಟೆಯೊಳಗೆ ಆಳವಾಗಿ ತುರುಕಿದಳು. ನನಗೆ ಬಾಯಿ ಕಟ್ಟಿದಂತಾಯಿತು. ಆದರೂ ಆ ಕ್ಷಣಕ್ಕೆ ನಾನು ಬೇಸರಪಡಲಿಲ್ಲ. ಮಗು ಮಲಗಲಿ ಎಂದೇ ನನಗೂ ಅನಿಸಿತು.

ತೆಗೆಯಲು ಅವಳು ಮರೆತಳು. ನಿದ್ದೆಗೆಟ್ಟು ಅವಳಿಗೆ ತನ್ನ ಹೆಸರೇ ನೆನಪಿರದ ದಿನಗಳವು.

ಗಂಟೆ ದನಿ ಎತ್ತುತ್ತಿಲ್ಲ ಎಂದು ಆಗ್ನೆಸ್‌ಗೆ ಹಿಂತಿರುಗಿದ ಸಂಜೆಯೇ ಗೊತ್ತಾಯಿತು. ಗಂಟೆಯ ಬಾಯಿ ಒಳಮುಖವಾಗಿತ್ತು, ಒಳಗಿನದು ಕಾಣುತ್ತಿರಲಿಲ್ಲ. ಹೊರಗಿನಿಂದ ಬೆರಳಲ್ಲಿ ತಟ್ಟಿದಳು, ಟಪ್ ಎಂದಿತು. ಬಿರುಕು ಬಿಟ್ಟಿದೆ ಎಂದುಕೊಂಡು ಕೊಟ್ಟಿಗೆಗೆ ಹೋಗಿ ತಂದೆಗೆ ಹೇಳಿದಳು. ಬಿತ್ತನೆಯ ಅವಸರದಲ್ಲಿದ್ದ ಟಾರ್ವಲ್ಡ್, ಇಷ್ಟು ವರ್ಷ ತಿರುಗಿಸಿದ ಕೈಗೆ ಗಂಟೆ ಯಾಕೆ ಬೇಕು ಎಂದುಬಿಟ್ಟ. ಒಂದು ಬೆರಳು ಒಳಗೆ ಹಾಕಿದ್ದರೆ ಸಾಕಿತ್ತು. ಅವನೂ ಹಾಕಲಿಲ್ಲ, ಅವಳೂ ಹಾಕಲಿಲ್ಲ. ನಾನೋ, ಬೆರಳೇ ಇಲ್ಲದವನು.

ಹುಡುಗಿ ತನ್ನ ಅಂದಾಜಿನಲ್ಲಿ ತಿರುಗಿಸಿದಳು. ಬೆಳಿಗ್ಗೆ ಪರವಾಗಿರಲಿಲ್ಲ. ಸಂಜೆ ದಣಿದ ಕೈ ತಾನಾಗಿಯೇ ನಿಧಾನವಾಗುತ್ತಿತ್ತು, ಅದು ಅವಳಿಗೆ ತಿಳಿಯುತ್ತಿರಲಿಲ್ಲ. ನಾನು ಕೂಗಿದೆ. ಪ್ರತಿ ಸುತ್ತಿಗೂ ಗುಂಡು ಬಟ್ಟೆಯ ಮೇಲೆ ಮೆತ್ತಗೆ ಬಿತ್ತು. ಬೈಯುವುದೊಂದೇ ನನ್ನ ಕೆಲಸ, ಬೈಯಲೇಬೇಕಾದ ದಿನ ನನಗೆ ದನಿ ಇರಲಿಲ್ಲ. ಕೆನೆ ತೆಳುವಾಯಿತು, ಕೊಬ್ಬೆಲ್ಲ ನೀರುಹಾಲಿಗೆ ಹೋಯಿತು. ಆ ಬೇಸಿಗೆ ಹಂದಿಗಳು ಮಾತ್ರ ಚೆನ್ನಾಗಿ ಮೈ ತುಂಬಿಕೊಂಡವು.

ಕೆನೆ ಒಯ್ಯುವ ಲಾರಿಯವನು ಮೊದಲು ತಮಾಷೆ ಮಾಡಿದ, ಆಮೇಲೆ ದೂರಿದ, ಕೊನೆಗೆ ಒಂದು ಕ್ಯಾನನ್ನು ವಾಪಸ್ಸೇ ತಂದಿಟ್ಟ. ನೆರೆಯವರ ಎದುರಿಗೇ ಇಟ್ಟದ್ದು ಟಾರ್ವಲ್ಡ್‌ಗೆ ಚುಚ್ಚಿತು. ಪರೀಕ್ಷೆಯಲ್ಲಿ ಆಗ್ನೆಸ್ ಪಾಸಾಗಿದ್ದಳು, ಸೋದರತ್ತೆ ಅವಳಿಗಾಗಿ ಹಾಸಿಗೆ ಹೊಲಿಸಿ ಇಟ್ಟಿದ್ದಳು. ಅವನು ನನ್ನ ಕೋಣೆಯ ಬಾಗಿಲಲ್ಲಿ ನಿಂತ.

"ಎಲ್ಲಿರುತ್ತೆ ನಿನ್ನ ಗಮನ?" ಎಂದ.

"ಅಪ್ಪ, ಗಂಟೆ ಕೆಟ್ಟಿದೆ ಅಂತ ಆವತ್ತೇ ಹೇಳಿದ್ದೆ."

"ಗಂಟೆ ಮೇಲೆ ಹಾಕ್ಬೇಡ. ಎದುರಿಗಿರೋ ಒಂದು ಕೆಲಸ ನೆಟ್ಟಗೆ ಮಾಡಕ್ಕೆ ಬರಲ್ಲ, ಹೈಸ್ಕೂಲಿಗೆ ಹೋಗಿ ಏನು ಕಡಿದು ಹಾಕ್ತೀಯ? ಈ ವರ್ಷ ಮನೇಲಿರು."

ಆಗ್ನೆಸ್ ಬಿಲ್ಲೆಗಳನ್ನು ಒಂದೊಂದಾಗಿ ತೊಳೆದಳು. ನನ್ನ ಜನ್ಮದಲ್ಲಿ ಅಷ್ಟು ಹೊಟ್ಟೆಯುರಿದ ದಿನ ಇನ್ನೊಂದಿಲ್ಲ. ಸಾಕ್ಷಿ ನನ್ನ ಬಾಯಲ್ಲೇ ಇತ್ತು, ಆ ಸಾಕ್ಷಿಯೇ ನನ್ನ ಬಾಯಿ ಮುಚ್ಚಿತ್ತು.

ಶಾಲೆ ತೆರೆದು ಎಷ್ಟೋ ವಾರಗಳಾದ ಮೇಲೆ, ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆಂದು ಮಥಿಲ್ಡಾ ಮನೆಯನ್ನೆಲ್ಲ ತಿಕ್ಕಿದಳು, ನನ್ನನ್ನೂ ತಿಕ್ಕಿದಳು. ಗಂಟೆಯೊಳಗೆ ಬೆರಳು ಹೋಯಿತು. ಜಿಡ್ಡು ಹಿಡಿದ ಗುಲಾಬಿ ಫ್ಲಾನಲ್ ಹೊರಬಂತು. ಅದನ್ನು ಕೈಯಲ್ಲಿ ಹಿಡಿದು ಅವಳು ನೆಲದ ಮೇಲೆ ಕುಳಿತುಬಿಟ್ಟಳು. ಅಂದಿನ ಊಟಕ್ಕೆ ಅದನ್ನು ಗಂಡನ ತಟ್ಟೆಯ ಪಕ್ಕದಲ್ಲಿ ಇಟ್ಟು, ಇದನ್ನು ತುರುಕಿದ್ದು ನಾನು ಎಂದಳು. ತೆರೆದ ಬಾಗಿಲಿನಿಂದ ನನಗೆ ಎಲ್ಲ ಕಾಣುತ್ತಿತ್ತು. ಟಾರ್ವಲ್ಡ್ ಅದನ್ನು ನೋಡಿದ, ಮಗಳನ್ನು ನೋಡಿದ, ಆಲೂಗಡ್ಡೆಯ ಕಡೆ ನೋಡಿದ.

"ಬರೋ ವರ್ಷ ಹೋಗ್ಲಿ," ಎಂದ.

ಅಷ್ಟೇ. ತಪ್ಪಾಯಿತು ಎನ್ನಲಿಲ್ಲ, ನಿನ್ನ ತಪ್ಪಲ್ಲ ಎಂದೂ ಹೇಳಲಿಲ್ಲ. ಮೂಗಿಗೆ ತುಪ್ಪ ಸವರಿ ಊಟ ಮುಂದುವರಿಸಿದ. ಮುಂದಿನ ವರ್ಷ ಅವನು ಹುಲ್ಲಿನ ಅಟ್ಟದಿಂದ ಬಿದ್ದು ಸೊಂಟ ಮುರಿದುಕೊಂಡ, ಮನೆಯ ಕೆಲಸವೆಲ್ಲ ಆಗ್ನೆಸ್ ಹೆಗಲಿಗೆ ಬಿತ್ತು. ಅದರ ಮುಂದಿನ ವರ್ಷ ಹೈಸ್ಕೂಲಿನ ಮಾತನ್ನು ಯಾರೂ ಎತ್ತಲಿಲ್ಲ. ಹೊಲಿಸಿಟ್ಟ ಹಾಸಿಗೆಯನ್ನು ಸೋದರತ್ತೆ ಬೇರೆ ಯಾರಿಗೋ ಕೊಟ್ಟಳಂತೆ.

ಮೆಲ್ವಿನ್ ಅಂಗಳದಲ್ಲಿ ಓಡಾಡುವಷ್ಟು ದೊಡ್ಡವನಾಗುವ ಹೊತ್ತಿಗೆ ಹಾಲನ್ನು ಹಾಲಾಗಿಯೇ ಕೊಳ್ಳುವ ಡೈರಿ ಬಂತು. ನನ್ನನ್ನು ಶೆಡ್ಡಿಗೆ ದಬ್ಬಿದರು. ಅಲ್ಲಿ ಮುರಿದ ಕುಂಟೆ, ತುಕ್ಕು ಹಿಡಿದ ತಂತಿಬಲೆ, ಇಲಿಗಳು, ನಾನು. ಆಗ್ನೆಸ್ ಮದುವೆಯಾಗಿ ಪಕ್ಕದ ಊರಿಗೆ ಹೋದಳು. ಮೆಲ್ವಿನ್ ಹೈಸ್ಕೂಲು ಓದಿದ, ಕಾಲೇಜು ಓದಿದ, ಪಟ್ಟಣದಲ್ಲಿ ಮೇಷ್ಟ್ರಾದ. ಒಳ್ಳೆಯ ಮನುಷ್ಯ, ಅವನ ಮೇಲೆ ನನಗೆ ದ್ವೇಷವಿಲ್ಲ. ತಂದೆತಾಯಿ ತೀರಿಕೊಂಡು ಜಮೀನು ಮಾರಿದಾಗ ಅವನು ನನ್ನನ್ನು ವ್ಯಾನಿನಲ್ಲಿ ಹಾಕಿಕೊಂಡು ಬಂದು, ಹೀಗೆ ಬಣ್ಣ ಬಳಿದು, ಮನೆಯ ಮುಂದಿನ ಹುಲ್ಲಿನ ಮೇಲೆ ನಿಲ್ಲಿಸಿದ.

ಅಂದಿನಿಂದ ಬಂದವರಿಗೆಲ್ಲ ನನ್ನ ಪಕ್ಕ ನಿಂತು ಅವನದು ಒಂದೇ ಭಾಷಣ. ಆಗಿನ ಕಾಲ ಎಷ್ಟು ನೆಮ್ಮದಿ, ಯಾರಿಗೂ ಅವಸರವಿರಲಿಲ್ಲ, ಮನೆಯಲ್ಲಿ ಎಂಥ ಶಾಂತಿ, ಗಟ್ಟಿಯಾದ ಶಬ್ದವೇ ಇರಲಿಲ್ಲ! ಹೌದಪ್ಪ, ಇರಲಿಲ್ಲ. ಯಾಕೆ ಇರಲಿಲ್ಲ ಎಂದು ಹೇಳೋಣವೆಂದರೆ ತಲೆಯ ಮೇಲೆ ಪೆಟೂನಿಯಾ.

ಕಳೆದ ಬೇಸಿಗೆಯಲ್ಲಿ ಆಗ್ನೆಸ್ ಬಂದಳು. ಗಂಡ ತೀರಿಕೊಂಡಿದ್ದಾನೆ, ತಲೆ ಪೂರ್ತಿ ಬೆಳ್ಳಗಾಗಿದೆ. ಮೆಲ್ವಿನ್ ಮೊಮ್ಮಕ್ಕಳನ್ನು ಕೂಡಿಸಿಕೊಂಡು ಭಾಷಣ ಶುರುಮಾಡಿದ್ದ. ಅವಳು ಕೇಳುತ್ತಾ ನಿಂತಳು. ಆಮೇಲೆ ಹೊಲಿಗೆ ಯಂತ್ರಕ್ಕೆ ಹಾಕುವ ಎಣ್ಣೆ ಇದೆಯಾ ಎಂದು ಕೇಳಿದಳು. ಮೆಲ್ವಿನ್ ತಂದುಕೊಟ್ಟ. ನನ್ನ ಕೀಲುಗಳಿಗೆಲ್ಲ ಬಿಟ್ಟಳು. ಹಿಡಿಕೆ ಹಿಡಿಯುವ ಮೊದಲು ತೋರುಬೆರಳನ್ನು ಗಂಟೆಯೊಳಗೆ ಹಾಕಿ ಸುತ್ತಲೂ ಸವರಿದಳು. ಜೇಡರ ಬಲೆಯೊಂದು ಬಂತು. ಅದನ್ನು ಸೆರಗಿನಂತೆ ಸುತ್ತಿಕೊಂಡಿದ್ದ ಶಾಲಿಗೆ ಒರೆಸಿ, ತಿರುಗಿಸಿದಳು.

ಠಣ್.

"ಅರೆ, ಇದಕ್ಕೆ ಗಂಟೆ ಬೇರೆ ಇತ್ತಾ?" ಎಂದ ಮೆಲ್ವಿನ್. "ನಂಗೆ ನೆನಪೇ ಇಲ್ವಲ್ಲ ಅಕ್ಕ."

"ನಿಂಗೆ ಹೇಗೆ ನೆನಪಿರತ್ತೆ? ನಿನ್ನ ನಿದ್ದೆ ಕೆಡದಿರ್ಲಿ ಅಂತ ಇದರ ಬಾಯಿಗೆ ಅಮ್ಮ ಬಟ್ಟೆ ತುರುಕಿದ್ಲು. ಅದಕ್ಕೇ ನಾನು ಹೈಸ್ಕೂಲಿಗೆ ಹೋಗ್ಲಿಲ್ಲ."

ಅವನು ಕಥೆಯ ಉಳಿದ ಭಾಗಕ್ಕೆ ಕಾಯುತ್ತಾ ನಿಂತ. ಅವಳು ತಿರುಗಿಸುತ್ತಾ ಹೋದಳು. ವಯಸ್ಸಾದ ತೋಳು ನಿಧಾನವಾಗಿತ್ತು. ನಾನು ಬಿಡಲಿಲ್ಲ, ಸುತ್ತುಸುತ್ತಿಗೂ ಬೈದೆ. ನೆಟ್ಟ ಗಿಡಗಳೆಲ್ಲ ಅಲುಗಾಡಿ ಹೂಗಳು ಉದುರಿದವು. ಅವಳು ನಾಲಿಗೆ ಕಚ್ಚಿಕೊಂಡು, ಮೊದಲಿನ ಹುಡುಗಿಯ ಹಾಗೆ ವೇಗ ಹೆಚ್ಚಿಸಿದಳು. ಗುಂಡು ಅಂಚಿಗೆ ಹತ್ತಿಕೊಂಡಿತು. ಗಂಟೆ ನಿಂತಿತು.

"ಅಯ್ಯೋ, ಮತ್ತೆ ಕೆಟ್ಟೋಯ್ತಾ?" ಎಂದ ಮೆಲ್ವಿನ್.

"ಕೆಟ್ಟಿಲ್ಲ," ಎಂದಳು ಆಗ್ನೆಸ್, ಕೈ ನಿಲ್ಲಿಸದೆ. "ನಾನು ಸರಿಯಾಗಿ ತಿರುಗಿಸ್ತಿದ್ದೀನಿ. ಅದಕ್ಕೇ ಸುಮ್ಮನಿದೆ."