ಸೋಪಿನ ಕ್ಯಾನಿಗೆ ಆಸಿಡ್ಡಿನ ಲೇಬಲ್ಲು

೧

ಈ ಕತೆಯನ್ನು ಎಲ್ಲಿಂದ ಶುರುಮಾಡಲಿ ಹೇಳಿ? ಕಿರುಚಾಟದಿಂದ ಶುರುಮಾಡಿದರೆ ನೀವು ಓದುತ್ತೀರಿ, ಗೊತ್ತು. ನಿಯಮದಿಂದ ಶುರುಮಾಡಿದರೆ ಪುಟ ಮಗುಚುತ್ತೀರಿ. ಮಗುಚಿ. ನಾನು ನಿಯಮದಿಂದಲೇ ಶುರುಮಾಡುವವನು, ಏಕೆಂದರೆ ಅದನ್ನು ಯಾರೂ ಓದದೇ ಇದ್ದದ್ದಕ್ಕೇ ಇಷ್ಟೆಲ್ಲ ಆದದ್ದು.

ಅಪಾಯಕಾರಿ ಸರಕು ಸಾಗಿಸುವ ನಿಯಮಪುಸ್ತಕ ಹೇಳುತ್ತದೆ: ಅಪಾಯದ ಸರಕಿಗೆ ಅಪಾಯದ ಲೇಬಲ್ ಹಚ್ಚಬೇಕು. ಇದು ಎಲ್ಲರಿಗೂ ಗೊತ್ತು. ಆದರೆ ಇನ್ನೊಂದು ಮಾತೂ ಇದೆ: ಅಪಾಯವಿಲ್ಲದ ಸರಕಿನ ಮೇಲೆ ಆ ಲೇಬಲ್ ಇರಕೂಡದು. ಹಳೆಯದಿದ್ದರೆ ಕಿತ್ತುಹಾಕಿ, ಇಲ್ಲವೇ ಪೂರ್ತಿ ಮುಚ್ಚಿ. (ಆಕಳಿಕೆ ಬಂತೇ? ನಮ್ಮ ಸಾಹೇಬರಿಗೂ ಬಂದಿತ್ತು.)

೨

ಮೊದಲ ಕರಡು ಹೀಗಿತ್ತು: "ಗೋದಾಮಿನ ಬಾಗಿಲಲ್ಲಿ ಬೆಳಗಿನ ಬಿಸಿಲು ಚಿನ್ನದಂತೆ..." ಹರಿದು ಹಾಕಿದೆ. ಚಿನ್ನವಂತೆ ಚಿನ್ನ! ಅಲ್ಲಿರುವುದು ಡೀಸೆಲ್ ಹೊಗೆ ಮತ್ತು ಅಂಟಿನ ವಾಸನೆ.

ನೆಟ್ಟಗೆ ಹೇಳುತ್ತೇನೆ. ಹಡಗಿಗೆ ಹೋಗುವ ಸರಕನ್ನು ಪ್ಯಾಕ್ ಮಾಡಿ ಕಂಟೇನರಿಗೆ ತುಂಬುವ ಗೋದಾಮು ನಮ್ಮದು. ವರದಿ, ನೋಟೀಸು, ಪತ್ರ ಬರೆಯುವುದು ನನ್ನ ಕೆಲಸ. ಕತೆ ಬರೆಯುವುದು ಚಟ. ಲೇಬಲ್ ಹಚ್ಚುವ ಹೆಂಗಸನ್ನು ಎಲ್ಲರೂ ಲೇಬಲಕ್ಕ ಅನ್ನುತ್ತಾರೆ. ಹದಿನಾಲ್ಕು ವರ್ಷದಿಂದ ಹಚ್ಚಿ ಹಚ್ಚಿ ಅವಳ ಹೆಬ್ಬೆರಳು ಚಪ್ಪಟೆಯಾಗಿದೆ. ಅವಳ ತಮ್ಮ ಅಲ್ಲೇ ಲೋಡರು, ನಲವತ್ತು ದಾಟಿದ ಆಸಾಮಿ. ಅವನನ್ನು ಕರೆಯುವುದು ನಿಧಾನಿ ಅಂತ. ಕ್ಯಾನು ಇಳಿಸಿದರೆ ಮಲಗಿದ ಮಗುವನ್ನು ಇಳಿಸಿದ ಹಾಗೆ. ಅದಕ್ಕೆ ಬೈಸಿಕೊಂಡೇ ಅರ್ಧ ಆಯಸ್ಸು ಕಳೆದಿದ್ದಾನೆ.

೩

ಸಾಹೇಬರು ಹಳೆಯ ಪ್ಲಾಸ್ಟಿಕ್ ಕ್ಯಾನುಗಳನ್ನು ಲಾರಿಗಟ್ಟಲೆ ತರಿಸಿದರು. ಹಿಂದೆ ಆಸಿಡ್ ತುಂಬಿದ್ದಂಥವು. ತೊಳೆಸಿ ಸೋಪುನೀರು ತುಂಬಿಸಿದರು. ಹೊರಗಿನ ಲೇಬಲ್ ಮಾತ್ರ, ಕೈಯ ಮೇಲೆ ಹನಿ ಬಿದ್ದು ಸುಡುವ ಆ ಚಿತ್ರ, ಹಾಗೇ ಉಳಿಯಿತು.

"ಸಾರ್, ಇದನ್ನೆಲ್ಲಾ ಕೀಳೋಕೆ ನಂಗೆ ಎರಡು ದಿನ ಬೇಕು," ಅಂದಳು ಲೇಬಲಕ್ಕ.

"ಇದ್ರೆ ನಿನಗೇನಮ್ಮ ಕಷ್ಟ? ಜನ ಇನ್ನೂ ಸ್ವಲ್ಪ ಹುಷಾರಾಗಿರ್ತಾರೆ. ಒಳ್ಳೇದೇ ಅಲ್ವಾ?" ಅಂದರು ಸಾಹೇಬರು.

ಹುಷಾರಂತೆ! ಮೊದಲ ವಾರ ಲೋಡರುಗಳು ಗ್ಲೌಸು, ಕನ್ನಡಕ ಹಾಕಿಕೊಂಡೇ ಎತ್ತಿದರು. ಎರಡನೇ ವಾರ ಒಂದು ಕ್ಯಾನು ಸೋರಿ ನೊರೆ ಬಂತು, ಎಲ್ಲರೂ ಬಿದ್ದು ಬಿದ್ದು ನಕ್ಕರು. ಮೂರನೇ ವಾರದಿಂದ ಕ್ಯಾನಿನ ಮೇಲೇ ಕೂತು ಊಟ. ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ "ಅದು ಸುಮ್ನೆ ಚಿತ್ರ ಕಣಯ್ಯಾ" ಎಂದು ಹೇಳಿಕೊಡುವುದೇ ವಾಡಿಕೆಯಾಯಿತು. (ನಾನೂ ಕೂತು ಉಂಡಿದ್ದೇನೆ. ಆರಾಮಾಗಿತ್ತು.)

ಮೂರು ತಿಂಗಳ ಮೇಲೆ ಒಂದು ಮಂಗಳವಾರ ಬೇರೆ ಗಿರಾಕಿಯ ಹನ್ನೆರಡು ಕ್ಯಾನು ಬಂದವು. ಅದೇ ಬಣ್ಣ, ಅದೇ ಗಾತ್ರ, ಅದೇ ಚಿತ್ರ. ಒಳಗೆ ನಿಜವಾದ ಆಸಿಡ್. ಒಂದರ ಮುಚ್ಚಳ ಸಡಿಲವಾಗಿತ್ತು. ನಿಧಾನಿ ದಿನವೂ ಎತ್ತುವ ಹಾಗೆ ಎದೆಗಪ್ಪಿ ಎತ್ತಿದ. ಬಲಗಣ್ಣು ಹೋಯಿತು.

ಇದನ್ನು ಇದಕ್ಕಿಂತ ಉದ್ದ ಬರೆಯುವುದಿಲ್ಲ. ಬೇಕಾದವರು ಬೇರೆ ಕತೆ ಓದಿಕೊಳ್ಳಿ.

೪

ಇಲ್ಲಿ ಲೇಬಲಕ್ಕ ಕತೆಯೊಳಗಿಂದ ತಲೆ ಎತ್ತಿದಳು.

"ಸಾರ್, ಒಂದು ವಿಷಯ ಬಿಟ್ರಿ."

"ಏನಕ್ಕಾ?"

"ವರದಿ ಬರ್ದೋರು ಯಾರು ಅಂತ."

ಬಿಟ್ಟದ್ದು ನಿಜ. ಬರೆದವನು ನಾನೇ. ಸಾಹೇಬರು ಹೇಳಿದರು, ನಾನು ಟೈಪು ಮಾಡಿದೆ: "ಎಚ್ಚರಿಕೆಯ ಚಿಹ್ನೆಯು ಸ್ಪಷ್ಟವಾಗಿ ಗೋಚರಿಸುತ್ತಿದ್ದಾಗ್ಯೂ, ಸದರಿ ಕಾರ್ಮಿಕನು ಆತುರದಿಂದ ಹಾಗೂ ಅಜಾಗರೂಕತೆಯಿಂದ ವರ್ತಿಸಿದ್ದೇ ಅವಘಡಕ್ಕೆ ಕಾರಣವಾಗಿರುತ್ತದೆ." ಇದರಲ್ಲಿ 'ಆತುರದಿಂದ' ಎನ್ನುವುದು ಸಾಹೇಬರದ್ದಲ್ಲ, ನನ್ನದು. ವಾಕ್ಯಕ್ಕೆ ಒಂದು ಲಯ ಬರಲಿ ಅಂತ ಸೇರಿಸಿದ್ದೆ.

ಥೂ, ನನ್ನ ಲಯಕ್ಕಿಷ್ಟು ಬೆಂಕಿ ಹಾಕ! ತಿಪ್ಪೆ ಸಾರಿಸೋ ಕೆಲಸಕ್ಕೆ ಕೂತವನು ಅದಕ್ಕೆ ಅಲಂಕಾರ ಬೇರೆ ಮಾಡಿದೆ. ಇಡೀ ಗೋದಾಮು ನಿಧಾನಿ ಅಂತ ಕರೆಯುವವನನ್ನು ಆತುರಗಾರ ಅಂತ ಬರೆಯುವಾಗ ನನ್ನ ಕೈ ಒಂದು ಸಲವೂ ನಿಲ್ಲಲಿಲ್ಲವಲ್ಲ!

ಆ ವರದಿ ನಾಳೆ ಹನ್ನೊಂದಕ್ಕೆ ಅವಘಡ ಪರಿಶೀಲಿಸುವ ಸರ್ಕಾರಿ ಕಚೇರಿಗೆ ಹೋಗುತ್ತದೆ. ಹೋದರೆ ತಪ್ಪು ನಿಧಾನಿಯದು, ಕೆಲಸ ಕಳೆದುಕೊಳ್ಳುವವನೂ ನಿಧಾನಿಯೇ. ಕೆಳಗೆ ನನ್ನ ಸಹಿ ಬೀಳುವುದೊಂದು ಬಾಕಿ.

೫

ಮುಕ್ತಾಯ ಒಂದು. ಸಾಹೇಬರಿಗೆ ಜ್ಞಾನೋದಯವಾಗುತ್ತದೆ. ಆಸ್ಪತ್ರೆಗೆ ಓಡಿ, ನಿಧಾನಿಯ ಕೈ ಹಿಡಿದು ಅಳುತ್ತಾರೆ.

"ಸಾಹೇಬ್ರಾ? ಅಳೋದಾ?" ಲೇಬಲಕ್ಕನಿಗೆ ನಗು ತಡೆಯಲಾಗಲಿಲ್ಲ. "ಕತೆ ಅಂದ್ರೂ ಒಂದು ಮಿತಿ ಬೇಡ್ವಾ ಸಾರ್?"

ಮುಕ್ತಾಯ ಎರಡು. ಲೇಬಲಕ್ಕ ಸಾಹೇಬರ ಎದುರಿಗೇ ವರದಿಯನ್ನು ಚೂರು ಚೂರು ಮಾಡುತ್ತಾಳೆ.

"ಇನ್ನೊಂದು ಪ್ರಿಂಟ್ ತೆಗೀತಾರೆ. ನನ್ನ ಕೆಲ್ಸಾನೂ ಹೋಗುತ್ತೆ. ನಿಮಗೇನು, ಚಪ್ಪಾಳೆ ಸಿಗುತ್ತೆ."

ಮುಕ್ತಾಯ ಮೂರು. ನಿಧಾನಿ ನನ್ನನ್ನು ಕ್ಷಮಿಸುತ್ತಾನೆ.

ಇದಕ್ಕೆ ಅವಳು ನಗಲಿಲ್ಲ.

"ಕ್ಷಮಿಸೋಕೆ ಅವನಿಗೆ ನಿಮ್ಮೇಲೆ ಕೋಪ ಇದ್ರೆ ತಾನೇ? ನಿನ್ನೆ ಆ ವರದಿ ಪ್ರತಿ ಆಸ್ಪತ್ರೆಗೆ ತಗೊಂಡು ಹೋಗಿದ್ದೆ, ಓದಿ ಹೇಳು ಅಂದ. ಓದ್ದೆ. ಆಮೇಲೆ, 'ಅಕ್ಕಾ, ಅವತ್ತು ನಾನು ಆತುರ ಮಾಡ್ಬಿಟ್ನಾ?' ಅಂತ ಕೇಳ್ದ. ನಂಬ್ಬಿಟ್ಟಿದಾನೆ ಸಾರ್. ನೀವು ಬರ್ದಿದ್ದನ್ನ ಪೂರ್ತಿ ನಂಬಿದ ಓದುಗ ಅಂದ್ರೆ ಅವನೊಬ್ಬನೇ."

೬

"ಅದಕ್ಕೇ ಅಲ್ವಾ ಅಕ್ಕಾ ಈ ಕತೆ ಬರೀತಿರೋದು?" ಎಂದೆ. "ಇದರಲ್ಲಿ ಎಲ್ಲಾ ನಿಜ ಹೇಳಿದ್ದೀನಲ್ಲ."

"ಇಲ್ಲಿ ಹೇಳಿ ಏನು ಬಂತು? ಕಚೇರಿಯೋರು ಇದನ್ನ ಓದ್ತಾರಾ? ನನ್ನ ತಮ್ಮನ ತಲೆ ಮೇಲೆ ಗೂಬೆ ಕೂರ್ಸಿದ್ದು ಆ ಕಾಗದದಲ್ಲಿ. ಇಳ್ಸೋದೂ ಅಲ್ಲೇ ಇಳ್ಸಿ." ಅವಳ ದನಿ ಏರಿತ್ತು. "ಈಗ ಆಸ್ಪತ್ರೆಗೆ ಹೊರಟಿದೀನಿ. ಮತ್ತೆ ಅದನ್ನೇ ಕೇಳ್ತಾನೆ. ಏನಂತ ಹೇಳ್ಲಿ?"

ವರದಿಯ ಹಾಳೆ ಮೇಜಿನ ಮೇಲಿದೆ. ಒಂದು ಪದ ಹೊಡೆದುಹಾಕಿದರೆ ಸಾಲದು. ಮೂರು ತಿಂಗಳ ಸೋಪುನೀರನ್ನು ಬರೆಯಬೇಕು, ಎರಡು ದಿನ ಕೊಡದ ಸಾಹೇಬರನ್ನು ಬರೆಯಬೇಕು, ಎಲ್ಲ ನೋಡಿಕೊಂಡು ಬಾಯಿ ಮುಚ್ಚಿಕೊಂಡಿದ್ದ ನನ್ನನ್ನೂ ಬರೆಯಬೇಕು. ಬರೆದರೆ ನಾಳೆಯಿಂದ ಈ ಕುರ್ಚಿ ನನ್ನದಲ್ಲ. ನನಗೂ ಮನೆಯಿದೆ, ಮಕ್ಕಳಿದ್ದಾರೆ.

ಲೇಬಲಕ್ಕ ಚೀಲ ಹೆಗಲಿಗೇರಿಸಿಕೊಂಡು ಬಾಗಿಲಲ್ಲಿ ನಿಂತಿದ್ದಾಳೆ. ನೀವು ಕೊನೆಗೆ ಏನಾಯಿತು ಅಂತ ಕೇಳುತ್ತಿದ್ದೀರಿ. ಸ್ವಲ್ಪ ಸುಮ್ಮನಿರಿ. ಅವಳು ಕೇಳಿದ್ದಕ್ಕೇ ಇನ್ನೂ ಉತ್ತರ ಕೊಟ್ಟಿಲ್ಲ. ನಿಮಗೆ ಯಾವ ಮುಖ ಇಟ್ಟುಕೊಂಡು ಮುಕ್ತಾಯ ಕೊಡಲಿ?