ಆರಿಂಚಿನ ವಾಟ

ಬಡಗಿಯನ್ನು ಬೀದಿಯವರೆಲ್ಲ ಮಟ್ಟಣ್ಣ ಅಂತಲೇ ಕರೆಯುತ್ತಿದ್ದರು. ಸೊಟ್ಟಗಿದ್ದದ್ದನ್ನು ಕಂಡರೆ ಅವನಿಗೆ ತಡೆಯುತ್ತಲೇ ಇರಲಿಲ್ಲ. ಯಾರ ಮನೆಗೆ ಊಟಕ್ಕೆ ಹೋದರೂ ಮೊದಲು ಮೇಜಿನ ಕೆಳಗೆ ಬಗ್ಗಿ, ಕುಂಟು ಕಾಲಿಗೆ ಕಾಗದ ಮಡಿಸಿಟ್ಟು, ಆಮೇಲೇ ಕೈ ತೊಳೆಯುವುದು. "ಮದುವೆ ಫೋಟೊದಲ್ಲೂ ಇವರು ನನ್ನ ನೋಡ್ತಿಲ್ಲ, ಗೋಡೆ ಗಡಿಯಾರ ನೋಡ್ತಿದಾರೆ. ಅದು ಸೊಟ್ಟಗಿತ್ತಂತೆ!" ಅಂತ ಹೆಂಡತಿ ಬಂದವರಿಗೆಲ್ಲ ಹೇಳಿ ನಗುತ್ತಿದ್ದಳು.

ಅಂಥವನ ಹೊಟ್ಟೆಯಲ್ಲಿ ಗಡ್ಡೆ ಕಾಣಿಸಿತು. ಸರ್ಜನ್ ಮುಕ್ಕಾಲು ಜಠರ ತೆಗೆದು, ಉಳಿದದ್ದನ್ನು ಕರುಳಿಗೆ ಹೊಲಿದು ಮನೆಗೆ ಕಳಿಸಿದರು. ವಾರ ಕಳೆದಿರಲಿಲ್ಲ, ನಿದ್ದೆಯಲ್ಲಿ ಕಹಿನೀರು ಗಂಟಲಿಗೆ ನುಗ್ಗಿ ಶ್ವಾಸಕೋಶಕ್ಕೂ ಇಳಿಯಿತು. ಹತ್ತು ದಿನ ಮತ್ತೆ ಆಸ್ಪತ್ರೆ.

"ದಿಂಬಿನ ಮೇಲೆ ದಿಂಬು ಇಟ್ಟರೆ ಹೊಟ್ಟೆ ಮಡಚುತ್ತೆ ಅಷ್ಟೇ," ಎಂದರು ಸರ್ಜನ್. "ಮಂಚದ ತಲೆಕಡೆ ಕಾಲುಗಳನ್ನೇ ಆರಿಂಚು ಎತ್ತರಿಸಿ. ಕತ್ತಲಾಗೋ ಮುಂಚೆ ಊಟ ಮುಗಿಸಿ, ಅದೂ ಸ್ವಲ್ಪ. ಭಾರ ಎತ್ತಬೇಡಿ. ಇನ್ನೊಂದು ಸಲ ಹೀಗಾದರೆ ನಿಮ್ಮ ಎದೆ ತಡೆಯಲ್ಲ."

ಮಟ್ಟಣ್ಣ ಎರಡು ಮರದ ದಿಮ್ಮಿ ಕತ್ತರಿಸಿ ಮಂಚದ ತಲೆಕಡೆ ಕಾಲುಗಳ ಕೆಳಗೆ ಇಡಿಸಿದ. ಇಡಿಸಿ ಮುಖ ಹುಳ್ಳಗೆ ಮಾಡಿಕೊಂಡ. "ಆರಡಿ ಮಂಚಕ್ಕೆ ಆರಿಂಚು ವಾಟ. ಬಚ್ಚಲಿಗೆ ಕೊಡೋ ವಾಟ ಕಣೇ ಇದು!"

"ನೀರು ಕೆಳಕ್ಕೇ ಇಳೀಲಿ ಅಂತ ತಾನೇ ಬಚ್ಚಲಿಗೂ ಕೊಡೋದು? ಸುಮ್ನೆ ಮಲಗಿ," ಎಂದಳು ಹೆಂಡತಿ. ಅವಳ ಹಾಸಿಗೆ ಈಗ ಹಜಾರದಲ್ಲಿ. ಇವನ ಕೆಮ್ಮಿಗೆ ಅವಳು ಎಷ್ಟೋ ದಿನದಿಂದ ಕಣ್ಣು ಮುಚ್ಚಿರಲಿಲ್ಲ.

ಮೊದಲ ರಾತ್ರಿ ಚೆನ್ನಾಗಿ ನಿದ್ದೆ ಬಂತು. ಎರಡನೇ ರಾತ್ರಿ ಗಂಟಲು ಉರಿದು, ಉಸಿರು ಕಟ್ಟಿ, ದಡಬಡಿಸಿ ಎದ್ದ. ದೀಪ ಹಾಕಿ ನೋಡಿದರೆ ಮಂಚ ಮಟ್ಟಸವಾಗಿ ನಿಂತಿದೆ. ದಿಮ್ಮಿಗಳು ಕೋಣೆಯ ಮೂಲೆಯಲ್ಲಿ ಗೋಡೆಗೆ ಒತ್ತಿಕೊಂಡು, ಒಂದರ ಪಕ್ಕ ಒಂದು, ಕೂದಲೆಳೆಯಷ್ಟೂ ಹಿಂದೆಮುಂದೆ ಇಲ್ಲದೆ ಕೂತಿವೆ.

ಅನುಮಾನ ನೇರವಾಗಿ ಹೋದದ್ದು ಭಾವಮೈದನ ಮೇಲೆ. ಕಾಯಿಲೆ ಬಿದ್ದಾಗಿನಿಂದ ಇವನ ಮರಗೆಲಸದ ಕಾರ್ಖಾನೆ ನೋಡಿಕೊಳ್ಳುತ್ತಾ ಮನೆಯಲ್ಲೇ ಇದ್ದವನು ಅವನು.

"ನಾನು ಸತ್ತರೆ ಕಾರ್ಖಾನೆ ನಿಂದಾಗುತ್ತೆ ಅಂತ ತಾನೇ?"

"ಭಾವ, ಅನ್ನ ತಿಂದ ಬಾಯಲ್ಲಿ ಇಂಥ ಮಾತು ಆಡಬೇಡಿ!" ಎಂದು ಅವನು ಬಟ್ಟೆ ತುಂಬಿಕೊಂಡು ಹೊರಟೇಹೋದ. ಹೆಂಡತಿ ತಮ್ಮನಿಗಾಗಿ ಅತ್ತಳು. ಮಟ್ಟಣ್ಣ ಆ ರಾತ್ರಿ ದಿಮ್ಮಿಗಳನ್ನು ಮತ್ತೆ ಮಂಚದ ಕಾಲಿಗಿಟ್ಟು, ಕೋಣೆಯ ಚಿಲಕ ಒಳಗಿನಿಂದ ಹಾಕಿ ಮಲಗಿದ.

ಬೆಳಗಿನ ಜಾವ ಮತ್ತೆ ಬಾಯಿ ತುಂಬ ಕಹಿ. ಚಿಲಕ ಹಾಕಿದಂತೆಯೇ ಇದೆ. ದಿಮ್ಮಿಗಳು ಮೂಲೆಯಲ್ಲಿ.

ಈಗ ಅವನಿಗೆ ನಿಜವಾಗಿ ಹೆದರಿಕೆಯಾಯಿತು. ಚಿಲಕ ತೆಗೆಯದೆ ಒಳಗೆ ಬರುವುದು ಏನು? ಹೊಲಿಗೆ ಹಾಕಿದ ಜಾಗ ಯಾಕೆ ಹೀಗೆ ಜಗ್ಗುತ್ತಿದೆ? ಹೆಂಡತಿಗೆ ಹೇಳಲಿಲ್ಲ. ಸಂಜೆ ಒಂದು ಮೊರ ಮರದ ಹೊಟ್ಟು ತಂದು, ಮಂಚದ ಸುತ್ತ ನೆಲದ ಮೇಲೆ ತೆಳ್ಳಗೆ ಹರಡಿ ಮಲಗಿದ.

ಬೆಳಿಗ್ಗೆ ಹೊಟ್ಟಿನ ತುಂಬ ಬರಿಗಾಲಿನ ಗುರುತು. ಮಂಚದ ಸುತ್ತ ಎರಡು ಸುತ್ತು, ಮೂಲೆಗೊಂದು ಸಲ. ಅವಸರವೇ ಇಲ್ಲದ ನಡಿಗೆ. ಎಡಗಾಲಿಗೆ ಕಿರುಬೆರಳಿಲ್ಲ. ಮಟ್ಟಣ್ಣ ಹೊದಿಕೆಯಿಂದ ತನ್ನ ಎಡಗಾಲು ಹೊರಗೆ ಚಾಚಿ ನೋಡಿದ. ಅದರ ಕಿರುಬೆರಳು ಕೆಲಸ ಕಲಿಯುವ ಕಾಲದಲ್ಲೇ ಬಾಚಿಯ ಏಟಿಗೆ ಬಲಿಯಾಗಿತ್ತು. ಅಂಗಾಲಿಗೆ ಹೊಟ್ಟು ಮೆತ್ತಿತ್ತು.

ಮಂಚದ ಪಟ್ಟಿಯ ಮೇಲೆ, ಮಟ್ಟ ನೋಡುವ ಅವನ ರಸಮಟ್ಟ ಕೂತಿತ್ತು, ಹಿತ್ತಾಳೆ ತುದಿ ತಲೆಕಡೆಗೆ. ಗಾಜಿನ ಕೊಳವೆಯೊಳಗೆ ಗುಳ್ಳೆ ನಟ್ಟನಡುವೆ ನಿಂತಿತ್ತು.

"ಅಯ್ಯೋ ಪಾಪಿ," ಎಂದ, ತನ್ನ ಕೈಗಳನ್ನು ನೋಡಿಕೊಂಡು. ನಲವತ್ತು ವರ್ಷ ಅನ್ನ ಹಾಕಿದ ಕೈಗಳು, ತಾನು ನಿದ್ದೆ ಹೋದಮೇಲೆ ಎದ್ದು, ಸೊಟ್ಟ ಮಂಚ ಸರಿಮಾಡಿ, ತನ್ನನ್ನು ಕೊಲ್ಲುತ್ತಿದ್ದವು.

ಎಲ್ಲ ಕೇಳಿದ ಹೆಂಡತಿ ಎದೆ ಹಿಡಿದುಕೊಂಡಳು. "ಕೈ ಕಟ್ಟಿ ಮಲಗಿಸಲಾ?"

"ಕಟ್ಟಿದ ಗಂಟು ಬಿಚ್ಚೋದು ಆ ಕೈಗೆ ದೊಡ್ಡದಲ್ಲ. ದಿಮ್ಮಿಗೆ ಮೊಳೆ ಹೊಡೆದರೆ ಮೊಳೆ ಕೀಳುತ್ತೆ. ಅದು ನಂಬೋದು ಒಂದನ್ನೇ."

ಆ ಒಂದು ರಸಮಟ್ಟ. ಕೆಲಸ ಕಲಿಸಿದ ಮೇಸ್ತ್ರಿ ಸಾಯುವ ಮುಂಚೆ ಕೈಗಿಟ್ಟು, "ಇದು ಸುಳ್ಳು ಹೇಳಲ್ಲ ಕಣೋ, ನೀನೂ ಹೇಳಿಸಬೇಡ," ಎಂದಿದ್ದ. ಮಟ್ಟಣ್ಣ ಇಡೀ ಮಧ್ಯಾಹ್ನ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಸಂಜೆಗೆ ಕೊಳವೆ ಬಿಚ್ಚಿ, ಹಿತ್ತಾಳೆ ತುದಿಯ ಕಡೆ ಉಳಿಯಿಂದ ಕೆತ್ತಿ ತಗ್ಗಿಸಿ, ಇನ್ನೊಂದು ಕಡೆಗೆ ಮರದ ಚಕ್ಕೆ ಕೊಟ್ಟು ಮತ್ತೆ ಕೂರಿಸಿದ. ಆರಿಂಚು ಎತ್ತಿದ ಮಂಚದ ಮೇಲಿಟ್ಟಾಗ ಗುಳ್ಳೆ ನಡುವಿಗೆ ಬಂದು ನಿಂತಿತು. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ. ಭಾವಮೈದನಿಗೆ ಫೋನ್ ಮಾಡಿ, "ತಪ್ಪಾಯ್ತಪ್ಪಾ, ಬಾ," ಎಂದು ಮಲಗಿದ. ಹೆಂಡತಿ ಬಾಗಿಲ ಬಳಿ ಕುರ್ಚಿ ಹಾಕಿಕೊಂಡಳು.

ಎಚ್ಚರವಾದಾಗ ಕಿಟಕಿಯಲ್ಲಿ ಬೆಳಕಿತ್ತು. ಗಂಟಲಲ್ಲಿ ಉರಿ ಇಲ್ಲ, ಕಹಿ ಇಲ್ಲ. ಹೆಂಡತಿ ಕುರ್ಚಿಯಲ್ಲೇ ಇದ್ದಳು, ಮುಖ ಬಿಳಿಚಿತ್ತು.

"ಎದ್ದನಾ?" ಎಂದು ಕೇಳಿದ.

"ಎದ್ದ್ರಿ. ಕಣ್ಣು ತೆರೆದೇ ಇತ್ತು, ನನ್ನ ಗುರುತು ಇರಲಿಲ್ಲ. ರಸಮಟ್ಟ ಇಟ್ಟು ತುಂಬ ಹೊತ್ತು ನೋಡಿದ್ರಿ. ದಿಮ್ಮಿಗೆ ಕೈ ಹಾಕಿದ್ರಿ, ಬಿಟ್ರಿ. ಮತ್ತೆ ನೋಡಿದ್ರಿ. ಆಮೇಲೆ ನನಗೆ ಹೇಳಿದ್ರಿ, 'ಮಂಚ ಸರಿಯಾಗಿದೆ ತಾಯಿ. ನಿಮ್ಮ ಯಜಮಾನ್ರಿಗೆ ಹೇಳಿ, ಇನ್ನು ನಿಶ್ಚಿಂತೆಯಾಗಿ ಮಲಗಬಹುದು.'"

ಮಟ್ಟಣ್ಣ ರಸಮಟ್ಟದ ಮೇಲೆ ಕೈಯಾಡಿಸಿದ. "ಒಬ್ಬ ಒಳ್ಳೇ ಬಡಗಿಗೆ ಮೋಸ ಮಾಡಿದೆ ಕಣೇ."

"ಮಾಡಿದ್ದಕ್ಕೇ ಅವನ ಗಿರಾಕಿ ಬದುಕಿದಾನೆ," ಎಂದು ಅವಳು ಅವನ ಕೈ ಹಿಡಿದುಕೊಂಡಳು.